ಚಿಪ್ಪುಮೀನಿನ ವಿಷ: ಲಕ್ಷಣಗಳು ಮತ್ತು ಚಿಕಿತ್ಸೆ

1997ರ ಸೆಪ್ಟೆಂಬರ್‌ನಲ್ಲಿ ಕೇರಳದ ವಿಳಿಂಜಂನಲ್ಲಿ ಪಚ್ಚಿಲೆ ತಿಂದವರಲ್ಲಿ ಏಳು ಮಂದಿ ಮೃತಪಟ್ಟರು. 1981ರಲ್ಲಿ ತಮಿಳುನಾಡಿನಲ್ಲಿಯೂ ಮರುವಾಯಿ ಸೇವಿಸಿದ ಮೂವರು ಇದೇ ಬಗೆಯ ವಿಷಕ್ಕೆ ಬಲಿಯಾಗಿದ್ದರು.

ಕಾರಣ

ಸಮುದ್ರದ ಕೆಲವು ಸೂಕ್ಷ್ಮ ಪಾಚಿಗಳು ಸ್ಯಾಕ್ಸಿಟಾಕ್ಸಿನ್ ಎಂಬ ವಿಷವನ್ನು ಉತ್ಪಾದಿಸುತ್ತವೆ. ನೀರನ್ನು ಸೋಸಿ ಆಹಾರ ಪಡೆಯುವ ಮರುವಾಯಿ, ಪಚ್ಚಿಲೆ, ಸಿಂಪಿಗಳ ದೇಹದಲ್ಲಿ ಅದು ಸಂಗ್ರಹವಾಗುತ್ತದೆ. ಇದರಿಂದ ಅವುಗಳ ರುಚಿಯಾಗಲಿ ವಾಸನೆಯಾಗಲಿ ಬದಲಾಗುವುದಿಲ್ಲ. ಬೇಯಿಸಿದರೂ ವಿಷ ನಾಶವಾಗದು. ನೀರು ಕೆಂಪಾಗದಿದ್ದರೂ ಅಪಾಯವಿರಬಹುದು.

ಲಕ್ಷಣಗಳು

ಸಾಮಾನ್ಯವಾಗಿ ಊಟವಾದ ಅರ್ಧ ಗಂಟೆಯಿಂದ ಕೆಲವು ಗಂಟೆಗಳೊಳಗೆ ತುಟಿ, ನಾಲಿಗೆಗಳಲ್ಲಿ ಜೋಮು ಕಾಣಿಸಿಕೊಂಡು ಮುಖ, ಬೆರಳುಗಳಿಗೆ ಹರಡುತ್ತದೆ. ಮಾತು ತೊದಲುವುದು, ನುಂಗಲು ಕಷ್ಟವಾಗುವುದು, ಕೈಕಾಲು ಸೋಲುವುದು ಅಪಾಯದ ಸೂಚನೆಗಳು. ಉಸಿರಾಟದ ಸ್ನಾಯುಗಳು ನಿಶ್ಚೇಷ್ಟಿತವಾದರೆ ಮರಣ ಸಂಭವಿಸುತ್ತದೆ. ರೋಗಿಗೆ ಬಹುತೇಕ ಪ್ರಜ್ಞೆ ಇರುತ್ತದೆ; ಆ ಕಾರಣಕ್ಕೆ ಅಲಕ್ಷಿಸಬಾರದು.

ಚಿಕಿತ್ಸೆ

ಇದಕ್ಕೆ ಪ್ರತಿವಿಷವಿಲ್ಲ, ಕೃತಕ ಉಸಿರಾಟವೇ ಪ್ರಾಣರಕ್ಷಕ. ಆದ್ದರಿಂದ ಜೋಮು ಕಂಡಕೂಡಲೆ ವೆಂಟಿಲೇಟರ್ ಸೌಲಭ್ಯವಿರುವ ಆಸ್ಪತ್ರೆಗೆ ಒಯ್ಯಬೇಕು. ಬಲವಂತವಾಗಿ ವಾಂತಿ ಮಾಡಿಸಬಾರದು. ನುಂಗಲು ಕಷ್ಟವಿದ್ದರೆ ಏನನ್ನೂ ಕುಡಿಸಬಾರದು. ದಾರಿಯಲ್ಲಿ ಉಸಿರು ನಿಂತರೆ ಬಾಯಿಗೆ ಬಾಯಿಟ್ಟು ಉಸಿರು ನೀಡಬೇಕು. ತಿಂದ ಪದಾರ್ಥ ಮತ್ತು ವೇಳೆಯನ್ನು ವೈದ್ಯರಿಗೆ ತಿಳಿಸಿ, ಉಳಿದ ಆಹಾರವನ್ನು ಪರೀಕ್ಷೆಗೆ ಒಪ್ಪಿಸಬೇಕು. ಜೊತೆಯಲ್ಲಿ ಉಂಡವರೆಲ್ಲರನ್ನೂ ಪರೀಕ್ಷಿಸಬೇಕು. ಮೊದಲ 24 ಗಂಟೆಗಳನ್ನು ದಾಟಿದವರು ಸಾಮಾನ್ಯವಾಗಿ ಸಂಪೂರ್ಣ ಗುಣಮುಖರಾಗುತ್ತಾರೆ.

ಮುನ್ನೆಚ್ಚರಿಕೆ

ನೀರಿನ ಬಣ್ಣ ಬದಲಾದ ಅಥವಾ ಅಧಿಕಾರಿಗಳು ಎಚ್ಚರಿಕೆ ನೀಡಿದ ಕಡಲತೀರಗಳಿಂದ ಚಿಪ್ಪುಮೀನುಗಳನ್ನು ಸಂಗ್ರಹಿಸಬಾರದು, ಕೊಳ್ಳಬಾರದು.