ಗಡಿ ತೆರೆಯುವ ತನಕ ಕೊಂಬು ಕಾಯುವುದಿಲ್ಲ

ಕೋವಿಡ್ ಹರಡಿದಾಗ ನ್ಯೂಜಿಲೆಂಡ್ ತನ್ನ ಗಡಿಯನ್ನು ಪರದೇಶದವರಿಗೆ ಮುಚ್ಚಿದ್ದು 2020ರ ಮಾರ್ಚ್ 19ರ ರಾತ್ರಿ. ಅಮೆರಿಕದಂಥ ವೀಸಾ ವಿನಾಯಿತಿ ದೇಶಗಳ ಪ್ರವಾಸಿಗರಿಗೆ ಮತ್ತೆ ತೆರೆದದ್ದು 2022ರ ಮೇ 1ರ ನಡುರಾತ್ರಿ. ಕ್ಯಾಲೆಂಡರ್ ನೋಡಿದರೆ ಎರಡು ವರ್ಷ, ಮೇಲೆ ಕೆಲವು ವಾರ. ಬೇಟೆ ಪ್ರವಾಸ ನಡೆಸುವವರ ಲೆಕ್ಕದಲ್ಲಿ ಅದು ಮೂರು ಹಂಗಾಮು. ಇಲ್ಲಿನ ಕೆಂಪು ಜಿಂಕೆಯ ಗಂಡುಗಳು ಮದವೇರಿ ಕಣಿವೆ ತುಂಬ ಕೂಗುವುದು ಮಾರ್ಚ್ ಕೊನೆಯಿಂದ ಏಪ್ರಿಲ್ ನಡುವಿನವರೆಗೆ, ಕೆಲವೇ ವಾರ. ಇಲ್ಲಿಯವರ ಬಾಯಲ್ಲಿ ಅದು ‘ರೋರ್’. ನಮ್ಮಂಥವರ ವರ್ಷದ ಸಂಪಾದನೆಯ ದೊಡ್ಡ ಪಾಲು ಬರುವುದು ಆಗಲೇ. 2020ರ ರೋರ್ ಶುರುವಾಗುವ ಹೊತ್ತಿಗೆ ಬಾಗಿಲು ಬಿತ್ತು, 2021ರದು ಪೂರ್ತಿ ಹೋಯಿತು, 2022ರದು ಮುಗಿದ ಮೇಲೆ ಬಾಗಿಲು ತೆರೆಯಿತು.

ಆ ಮೂರು ಹಂಗಾಮುಗಳ ಬುಕಿಂಗನ್ನು ಮುಂದಕ್ಕೆ, ಮತ್ತೂ ಮುಂದಕ್ಕೆ ಹಾಕುವ ಕೆಲಸ ನನ್ನ ಪಾಲಿಗೆ ಬಂತು. ನಾನು ಹುಟ್ಟಿದ್ದು ಸಕಲೇಶಪುರದ ಕಡೆಯ ಕಾಫಿ ತೋಟದಲ್ಲಿ. ಮದುವೆಯಾದ ಮೇಲೆ ಬಂದು ಸೇರಿದ್ದು ದಕ್ಷಿಣ ದ್ವೀಪದ ಕ್ಯಾಂಟರ್ಬರಿ. ಒಂದು ಕುಟುಂಬ ನಡೆಸುವ ಬೇಟೆ ಲಾಡ್ಜಿನಲ್ಲಿ ಆಫೀಸು ನೋಡಿಕೊಳ್ಳುತ್ತೇನೆ. ಪತ್ರವ್ಯವಹಾರ, ಮುಂಗಡ, ಬಂದೂಕಿನ ಪರವಾನಗಿ, ವಿಮಾನ ನಿಲ್ದಾಣಕ್ಕೆ ಗಾಡಿ ಕಳಿಸುವುದು, ಎಲ್ಲ.

1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಹುಟ್ಟಿದ ನಮ್ಮ ಪೀಳಿಗೆಗೆ ಬೇಟೆ ಅಂದರೆ ಅಪರಾಧ. ಇದೆಂಥ ಹೊಟ್ಟೆಪಾಡು ಎಂದು ಊರಿನಲ್ಲಿ ಕೇಳುವವರು ಈಗಲೂ ಇದ್ದಾರೆ. ಅವರಿಗೆ ನಾನು ಹೇಳುವುದು ಇಷ್ಟು. ಬಾವಲಿ ಮತ್ತು ಕಡಲಿನ ಪ್ರಾಣಿಗಳನ್ನು ಬಿಟ್ಟರೆ ಈ ದ್ವೀಪಗಳಿಗೆ ತಮ್ಮದೇ ಆದ ಸ್ತನಿಗಳಿಲ್ಲ. ಕೆಂಪು ಜಿಂಕೆಯನ್ನು 19ನೇ ಶತಮಾನದಲ್ಲಿ ಬ್ರಿಟನ್ನಿನಿಂದ ತಂದು ಬಿಟ್ಟರು. ನಮ್ಮ ಹಿಮಾಲಯದ ಕಾಡುಮೇಕೆಯಾದ ಥಾರ್ 1904ರಲ್ಲಿ ಮೌಂಟ್ ಕುಕ್ ತಪ್ಪಲಿಗೆ ಬಂತು. ಇಲ್ಲಿ ಹುಲಿಯಿಲ್ಲ, ಚಿರತೆಯಿಲ್ಲ, ಸೀಳುನಾಯಿಯಿಲ್ಲ. ಬೇರೆಲ್ಲೂ ಸಿಗದ ಗಿಡಗಳನ್ನು ಮೇಯ್ದು ಹೆಚ್ಚುವ ಹಿಂಡನ್ನು ಮನುಷ್ಯನೇ ಹತೋಟಿಯಲ್ಲಿಡಬೇಕು. ಥಾರ್ ಸಂಖ್ಯೆ 10,000 ಮೀರಬಾರದೆಂದು 1993ರ ಸರ್ಕಾರಿ ಯೋಜನೆಯೇ ಹೇಳುತ್ತದೆ. ನಮ್ಮ ಗಿರಾಕಿಗಳು ಬರಲಾಗದೆ ಕೂತಿದ್ದ 2020ರ ಚಳಿಗಾಲದಲ್ಲೇ ಸಂರಕ್ಷಣಾ ಇಲಾಖೆ ಹೆಲಿಕಾಪ್ಟರಿನಿಂದ ಥಾರ್ ಕೊಲ್ಲುವ ಕೆಲಸ ಹೆಚ್ಚಿಸಹೊರಟಾಗ ಬೇಟೆಗಾರರ ಕಡೆಯವರು ಹೈಕೋರ್ಟಿಗೆ ಹೋದರು. ಬೇಲಿಯೊಳಗಿನ ಖಾಸಗಿ ಎಸ್ಟೇಟಿನ ಜಿಂಕೆ ಬೇಟೆ ಬೇರೆ ಮಾತು, ಅದು ಸಾಕಣೆಗೆ ಹತ್ತಿರ. ನಮ್ಮಲ್ಲಿ ಎರಡೂ ಇವೆ. ಬೆಟ್ಟದ ಬೇಟೆಯನ್ನು ನಾನು ಮನಸಾರೆ ಒಪ್ಪುತ್ತೇನೆ. ಎಸ್ಟೇಟಿನದನ್ನು ಕಂಡು ರೂಢಿಯಾಗಿದೆ.

ಆ ಮಾರ್ಚ್ ವಾರ ಹೇಗೆ ಓಡಿತು ಎಂದರೆ, 14ರಂದು ಪ್ರಧಾನಿ ಜಸಿಂಡಾ ಆರ್ಡರ್ನ್ ಹೊರಗಿನಿಂದ ಬರುವ ಬಹುತೇಕ ಎಲ್ಲರೂ ಹದಿನಾಲ್ಕು ದಿನ ಏಕಾಂತದಲ್ಲಿರಬೇಕು ಎಂದರು. ವಾರಕ್ಕೋ ಹತ್ತು ದಿನಕ್ಕೋ ಬರುವ ಶಿಕಾರಿಗೆ ಅಷ್ಟರಲ್ಲೇ ದಾರಿ ಮುಚ್ಚಿತು. 19ರಂದು ಗಡಿಯೇ ಬಂದ್. 25ರ ನಡುರಾತ್ರಿಯಿಂದ ದೇಶವೇ ಲಾಕ್‌ಡೌನ್, ಬೇಟೆಗೂ ನಿಷೇಧ. ಒಳಗಿದ್ದ ಅತಿಥಿಗಳಿಗೆ ಸಿಕ್ಕ ವಿಮಾನ ಹುಡುಕಿ ಹತ್ತಿಸಿದೆವು. ದಾರಿಯಲ್ಲಿದ್ದವರನ್ನು ತಿರುಗಿಸಿದೆವು. ಬರಬೇಕಿದ್ದವರೆಲ್ಲ ಫೋನಿನಲ್ಲಿ ಹೇಳಿದ್ದು ಒಂದೇ ಮಾತು: ಬರುವ ವರ್ಷ ಇದೇ ವಾರ ಇಟ್ಟುಬಿಡಿ.

ಎಲ್ಲರಿಗೂ ಸಹಜವಾಗಿ ಕಂಡ ಆ ಮಾತಿನಲ್ಲೇ ತೊಡಕಿತ್ತು. ಬರುವ ವರ್ಷದ ಇದೇ ವಾರ ಖಾಲಿ ಇರಲಿಲ್ಲ. ರೋರ್ ವಾರಗಳಿಗೆ ಜನ ಒಂದು, ಒಂದೂವರೆ ವರ್ಷ ಮೊದಲೇ ಹೆಸರು ಹಚ್ಚಿರುತ್ತಾರೆ. ಹಾಸಿಗೆಗಳು ಅಷ್ಟೇ, ಗೈಡುಗಳು ಅಷ್ಟೇ, ಕಣಿವೆಯೂ ಅದೇ. 2020ರವರನ್ನು 2021ಕ್ಕೆ ತಳ್ಳಿದರೆ 2021ರವರು 2022ಕ್ಕೆ ಹೋಗಬೇಕು, ಅವರ ಹಿಂದಿನವರು ಇನ್ನೂ ಆಚೆಗೆ. ಗಡಿ ಒಂದು ಹಂಗಾಮು ಹೆಚ್ಚು ಮುಚ್ಚಿದಷ್ಟೂ ಈ ಸಾಲು ಬೆಳೆಯುತ್ತದೆ, ಕರಗುವುದಿಲ್ಲ.

ಇನ್ನು ಜಿಂಕೆಯ ಮಾತು. ನಮ್ಮ ಲಾಡ್ಜಿನ ಹಿಂದೊಂದು ಕೊಟ್ಟಿಗೆಯಿದೆ. ಅದರ ಗೋಡೆಗೆ ಒಂದೊಂದು ಗಂಡು ಜಿಂಕೆಯ ಉದುರಿದ ಕೊಂಬುಗಳನ್ನು ವರ್ಷವಾರು ಜೋಡಿ ಮಾಡಿ, ತಂತಿ ಸುತ್ತಿ ನೇತುಹಾಕಿದ್ದಾರೆ. ವಸಂತದಲ್ಲಿ, ಅಂದರೆ ಇಲ್ಲಿನ ಸೆಪ್ಟೆಂಬರ್–ಅಕ್ಟೋಬರಿನಲ್ಲಿ, ಹಳೆ ಕೊಂಬು ಕಳಚಿ ಬೀಳುತ್ತದೆ. ಆ ಜಾಗದಲ್ಲಿ ಮೃದು ತುಪ್ಪಳ ಹೊದ್ದ ಎಳೆಗೊಂಬು ಬೆಳೆಯುತ್ತದೆ. ಮುಟ್ಟಿದರೆ ಬೆಚ್ಚಗಿರುತ್ತದೆ, ಒಳಗೆ ರಕ್ತ ಹರಿಯುತ್ತಿರುತ್ತದೆ. ಬೇಸಿಗೆ ಮುಗಿಯುವಾಗ ಅದು ಗಟ್ಟಿಯಾಗಿ, ಜಿಂಕೆ ಮರಕ್ಕೆ ಉಜ್ಜಿ ಚರ್ಮ ಕಿತ್ತುಹಾಕುತ್ತದೆ. ಗೋಡೆಯ ಮೇಲಿನ ಸಾಲು ನೋಡುತ್ತ ಹೋದರೆ ನಾಲ್ಕನೆಯ ವರ್ಷ, ಐದನೆಯ ವರ್ಷ ಕವಲುಗಳು ಏರುತ್ತವೆ, ದಪ್ಪವಾಗುತ್ತವೆ. ಆಮೇಲೊಂದು ವರ್ಷ ಒಂದು ಬದಿ ಸಣ್ಣದಾಗಿ, ಸೊಟ್ಟಗಾಗಿ ಬರುತ್ತದೆ. ಫೋಟೊ ನೋಡಿ ‘ಈ ಜಿಂಕೆಯೇ ಬೇಕು’ ಎಂದು ಮುಂಗಡ ಕೊಟ್ಟವರಿದ್ದರು. ಅವರ ಬುಕಿಂಗನ್ನು ಮುಂದಿನ ವರ್ಷಕ್ಕೆ ಹಾಕಬಹುದು, ಆ ಕೊಂಬನ್ನು ಹಾಕಲಾಗುವುದಿಲ್ಲ. ರೋರ್ ಮುಗಿದ ಮೇಲೆ ಬಂದರೂ ಸರಿಹೋಗದು. ಮೇ ಹೊತ್ತಿಗೆ ಕಾದಾಡಿದ ಗಂಡುಗಳ ಕವಲು ಮುರಿದಿರುತ್ತದೆ, ಮೈ ಇಳಿದಿರುತ್ತದೆ. ಹಾಗಾಗಿ ಇಂಥದೇ ಜಿಂಕೆ ಎಂಬ ವಾಗ್ದಾನವನ್ನು ನಾವು ಆ ವರ್ಷವೇ ನಿಲ್ಲಿಸಿದೆವು. ಆ ವರ್ಷದ ಹಿಂಡಿನಲ್ಲಿ ಆ ದರ್ಜೆಯದು ಯಾವುದಿದೆಯೋ ಅದು, ಎಂದಷ್ಟೇ ಬರೆಯುತ್ತೇವೆ. ಬಂದವರಿಗೂ ಅದರಿಂದ ನೆಮ್ಮದಿ.

ತಾರೀಖಿನ ವಿಷಯ ನನಗೆ ಹೊಳೆದದ್ದು ಅಪ್ಪನಿಂದ. 2021ರ ಏಪ್ರಿಲ್, ಭಾರತದಲ್ಲಿ ಎರಡನೆಯ ಅಲೆ. ಆ ತಿಂಗಳ 11ರಿಂದ 28ರವರೆಗೆ ನ್ಯೂಜಿಲೆಂಡ್ ಭಾರತದಿಂದ ಹೊರಟ ತನ್ನ ಪ್ರಜೆಗಳಿಗೂ ಪ್ರವೇಶ ನಿಲ್ಲಿಸಿತ್ತು. ಹೋದರೆ ವಾಪಸ್ ಬರುವ ಖಾತ್ರಿಯಿಲ್ಲ. ಸರ್ಕಾರದ ಕ್ವಾರಂಟೈನ್ ಹೋಟೆಲಿನಲ್ಲಿ ಕೋಣೆ ಸಿಕ್ಕಿದರಷ್ಟೇ ವಿಮಾನ. ಫೋನಿನಲ್ಲಿ ಅಪ್ಪ, “ಯಾವಾಗ್ ಬರ್ತೀಯ ಮಗಾ?” ಅಂದರು. “ಆಗಸ್ಟಿಗೆ ನೋಡ್ತೀನಪ್ಪ” ಅಂದೆ. ಅವರು ಸ್ವಲ್ಪ ಹೊತ್ತು ಬಿಟ್ಟು, “ತಿಂಗಳು ಹೇಳ್ಬೇಡ ಕಣಮ್ಮ. ನೀನು ತಿಂಗಳು ಹೇಳಿದ್ರೆ ನಿಮ್ಮಮ್ಮ ಕ್ಯಾಲೆಂಡರ್ ಮೇಲೆ ಗುರುತು ಹಾಕ್ಕೋತಾಳೆ. ಆಮೇಲೆ ಅದನ್ನ ನೋಡ್ಕೊಂಡು ಅಳೋದು. ದಾರಿ ಬಿಟ್ಟ ದಿನ ಬರ್ತೀನಿ ಅನ್ನು, ಸಾಕು” ಅಂದರು.

ಮಾರನೆಯ ದಿನ ಆಫೀಸಿಗೆ ಹೋಗಿ ಗಿರಾಕಿಗಳಿಗೆ ಕಳಿಸುತ್ತಿದ್ದ ಪತ್ರದಿಂದ ತಾರೀಖು ತೆಗೆದೆ. ಗಡಿಗೇ ತಾರೀಖಿಲ್ಲದಿರುವಾಗ ನಮ್ಮದು ಎಲ್ಲಿಂದ ಬರಬೇಕು? ಅದರ ಬದಲು ಸರದಿಯಲ್ಲಿ ಅವರ ಜಾಗ ಯಾವುದು, ಗಡಿ ತೆರೆದ ಎಷ್ಟು ದಿನದೊಳಗೆ ನಾವು ಕರೆಯುತ್ತೇವೆ, ಉತ್ತರಿಸಲು ಅವರಿಗೆ ಎಷ್ಟು ಸಮಯ, ಇಷ್ಟನ್ನು ಬರೆದೆ. ಪ್ರತಿ ತಿಂಗಳ ಮೊದಲ ಸೋಮವಾರ, ಹೇಳುವುದು ಏನೂ ಇಲ್ಲದಿದ್ದರೂ, ಒಂದು ಪತ್ರ ಹೋಗುತ್ತಿತ್ತು. ಹಿಂದೆ ದಿನಬೆಳಗಾದರೆ ಬರುತ್ತಿದ್ದ ಸಿಟ್ಟಿನ ಇಮೇಲುಗಳು ಇಳಿದವು. ಜನ ಕಾಯಲಾರದೆ ರೇಗುತ್ತಿರಲಿಲ್ಲ, ಕೊಟ್ಟ ತಾರೀಖು ಮತ್ತೆ ಮತ್ತೆ ಮುರಿಯುತ್ತಿದ್ದುದಕ್ಕೆ ರೇಗುತ್ತಿದ್ದರು.

ಕೆಲವರಿಗೆ ನೋವು ಇತ್ತು, ಅದೂ ನ್ಯಾಯವೇ. 2020ರಲ್ಲಿ ‘ಅವತಾರ್’ ಚಿತ್ರದ ತಂಡಕ್ಕೆ, ಅಮೆರಿಕಾಸ್ ಕಪ್ ಹಾಯಿದೋಣಿ ಸ್ಪರ್ಧೆಯ ತಂಡಗಳಿಗೆ ವಿಶೇಷ ಅನುಮತಿ ಸಿಕ್ಕಿತು. ಕ್ವಾರಂಟೈನ್ ಖರ್ಚು ಪೂರ್ತಿ ನಾವೇ ಕೊಡುತ್ತೇವೆ, ನಮಗೇಕೆ ಇಲ್ಲ ಎಂದು ನಮ್ಮವರು ಕೇಳಿದರು. ಹೊರದೇಶದಲ್ಲಿ ಸಿಕ್ಕಿಬಿದ್ದ ಇಲ್ಲಿಯ ಪ್ರಜೆಗಳಿಗೇ ಆ ಹೋಟೆಲುಗಳಲ್ಲಿ ಕೋಣೆ ಸಾಲದಿದ್ದಾಗ ಬೇಟೆಗೆಂದು ಬರುವವರಿಗೆ ಕೋಣೆ ಬೇಡುವುದು ನನಗೆ ಸರಿ ಕಾಣಲಿಲ್ಲ. ಅದನ್ನು ಅವರಿಗೆ ಹಾಗೇ ಹೇಳಿದೆ.

ಸರದಿ ಎಂದೆನಲ್ಲ, ಅದನ್ನು ಹೇಗೆ ಮಾಡುವುದು ಎಂಬುದೇ ಅತ್ಯಂತ ಕಷ್ಟದ ಪ್ರಶ್ನೆಯಾಗಿತ್ತು. ಮೊದಲು ದುಡ್ಡು ಕಟ್ಟಿದವರಿಗೆ ಮೊದಲು ಎಂಬುದು ಲಾಡ್ಜಿನ ಯಜಮಾನರ ಮಾತು. ತಕರಾರಿಲ್ಲದ ಸೂತ್ರ. ಆದರೆ ನಮ್ಮ ಗಿರಾಕಿಗಳಲ್ಲಿ ಹೆಚ್ಚಿನವರು ಅರವತ್ತು ದಾಟಿದವರು. ದುಡಿಮೆಯೆಲ್ಲ ಮುಗಿಸಿ, ಮಕ್ಕಳ ಓದು ಮುಗಿಸಿ, ಆಮೇಲೆ ಬರುವವರು. ಚಳಿಗಾಲದ ಥಾರ್ ಬೇಟೆ ಅಂದರೆ ಹಿಮ ಹಿಡಿದ ಕಡಿದಾದ ಜಾರುಗಲ್ಲಿನ ಮೇಲೆ ದಿನವಿಡೀ ಏರುವುದು. ಅರವತ್ತಾರರಲ್ಲಿ ಏರಬಲ್ಲವರು ಅರವತ್ತೊಂಬತ್ತರಲ್ಲಿ ಏರುತ್ತಾರೆಂಬ ಭರವಸೆಯಿಲ್ಲ. ಹಾಗಾಗಿ ಎಲ್ಲರಿಗೂ ಒಂದೇ ಪ್ರಶ್ನೆ ಬರೆದೆ: ಇನ್ನೂ ಒಂದು ವರ್ಷ ತಡವಾದರೆ ನಿಮಗೆ ಏನು ವ್ಯತ್ಯಾಸವಾಗುತ್ತದೆ?

ಉತ್ತರಗಳನ್ನು ಓದಿ ಕೂತುಬಿಟ್ಟೆ. ‘ಏನೂ ಇಲ್ಲ, ನಿಧಾನಕ್ಕೆ ಬರುತ್ತೇನೆ’ ಎಂದವರು ನಿರೀಕ್ಷೆಗಿಂತ ಹೆಚ್ಚು. ವಿಸ್ಕಾನ್ಸಿನ್‌ನ ಒಬ್ಬ ಹೈನುಗಾರರು, ಬಲಮೊಣಕಾಲು ಇನ್ನೊಂದು ಚಳಿಗಾಲ ತಾಳುತ್ತದೆ, ಅದರಾಚೆ ವೈದ್ಯರು ಏನೂ ಹೇಳುತ್ತಿಲ್ಲ ಎಂದು ಬರೆದಿದ್ದರು. ಅವರ ಜಾಗ ಸಾಲಿನಲ್ಲಿ ಬಹಳ ಹಿಂದಿತ್ತು. ಮುಂದಿದ್ದ ಒಂದು ಎಳೆಯ ಜೋಡಿಗೆ, ಹೆಸರು ಹೇಳದೆ, ವಿಷಯ ತಿಳಿಸಿದೆ. ತಮ್ಮ ವಾರ ಬಿಟ್ಟುಕೊಟ್ಟರು. ಗಡಿ ತೆರೆದ ಮೇಲೆ 2022ರ ಜೂನ್‌ನಲ್ಲಿ ಆ ಹೈನುಗಾರರು ಮಗನ ಜತೆ ಬಂದರು. ಗೈಡು ಶಿಖರದ ಕಡೆ ಹೋಗದೆ ಕೆಳಗಿನ ಹಳ್ಳಗಳಲ್ಲೇ ದುರ್ಬೀನು ಹಿಡಿದು ತಾಳ್ಮೆಯಿಂದ ಹುಡುಕಿಸಿದ. ನನಗೆ ಈ ಕೆಲಸದಲ್ಲಿ ಇಷ್ಟು ತೃಪ್ತಿ ಕೊಟ್ಟ ಬುಕಿಂಗ್ ಬೇರೆಯಿಲ್ಲ.

ಇನ್ನೊಂದು ಉತ್ತರ ಒಬ್ಬ ಗಿರಾಕಿಯ ಹೆಂಡತಿಯಿಂದ ಬಂತು. ಆ ಗಿರಾಕಿ ತೀರಿಹೋಗಿದ್ದರು. ಮುಂಗಡಕ್ಕೆ ಬದಲಾಗಿ ನಾವು ಕೊಟ್ಟಿದ್ದ ಕ್ರೆಡಿಟ್ ಚೀಟಿ ಅವರೊಬ್ಬರ ಹೆಸರಿನಲ್ಲಿತ್ತು. ಯಜಮಾನರು ಆ ವಾರವೇ ಪೂರ್ತಿ ಹಣ ಕಳಿಸಿದರು. ಕಾಗದದಲ್ಲಿ ಅದಕ್ಕೆ ದಾರಿಯಿರಲಿಲ್ಲ, ಅವರ ಒಳ್ಳೆಯತನದಲ್ಲಿತ್ತು. ಒಳ್ಳೆಯತನ ಕಾಗದದ ಮೇಲೂ ಇರಬೇಕು ಎಂದು ಅಂದೇ ತೀರ್ಮಾನಿಸಿದೆ.

ಹಣದ ವಿಷಯಕ್ಕೆ ಬಂದರೆ, ನಮ್ಮನ್ನು ಉಳಿಸಿದ್ದು ಯಜಮಾನರ ಹಳೆಯ ಅಭ್ಯಾಸ: ಮುಂಗಡವನ್ನು ಬೇರೆ ಖಾತೆಯಲ್ಲಿಟ್ಟು, ಅತಿಥಿ ಬಂದು ಹೋಗುವ ತನಕ ಮುಟ್ಟದಿರುವುದು. ಬರುವ ವರ್ಷದ ಮುಂಗಡದಲ್ಲಿ ಈ ವರ್ಷದ ಮೇವು, ಸಂಬಳ ಸಾಗಿಸುವುದು ಈ ಕಸುಬಿನಲ್ಲಿ ಅಪರೂಪವೇನಲ್ಲ. ಹಾಗೆ ಮಾಡಿದವರು ರೀಫಂಡ್ ಕೇಳಿದವರಿಗೆ ಕೊಡಲಾಗದೆ ಒದ್ದಾಡಿದರು. ಅತಿಥಿ ಬರಲಿ ಬಿಡಲಿ ಜಿಂಕೆಗೆ ಚಳಿಗಾಲದ ಮೇವು ಬೇಕೇ ಬೇಕು. ಕೇಳಿದವರಿಗೆಲ್ಲ ಹಣ ವಾಪಸ್ ಮಾಡಿದೆವು. ಹಾಗೆ ಪಡೆದವರಲ್ಲಿ ಹಲವರು ಆಮೇಲೆ ಮತ್ತೆ ಬುಕ್ ಮಾಡಿದರು.

ಹಳೆಯ ದರವನ್ನೇ ಹಿಡಿದುಕೊಳ್ಳುವುದು ಮಾತ್ರ ಸುಲಭದ್ದಲ್ಲ. ನಾವು ದರ ಹೇಳುವುದು ಅಮೆರಿಕದ ಡಾಲರಿನಲ್ಲಿ. 2020ರ ಮಾರ್ಚ್‌ನಲ್ಲಿ ಒಂದು ನ್ಯೂಜಿಲೆಂಡ್ ಡಾಲರಿಗೆ ಅಮೆರಿಕದ 57 ಸೆಂಟಿನ ಆಸುಪಾಸು ಇತ್ತು. ಮರುವರ್ಷ ಫೆಬ್ರವರಿಗೆ 73 ದಾಟಿತು. ಅಂದರೆ 10,000 ಅಮೆರಿಕನ್ ಡಾಲರ್ ಬಾಕಿ ಬಂದರೆ ಮೊದಲು ಕೈಗೆ ಸುಮಾರು 17,500 ಸಿಗುತ್ತಿದ್ದುದು 13,700ಕ್ಕೆ ಇಳಿಯಿತು. ಇತ್ತ ಹೆಲಿಕಾಪ್ಟರ್ ಬಾಡಿಗೆ, ಇಂಧನ ಏರುತ್ತಲೇ ಇದ್ದವು. ಕಟ್ಟಿದ ಮುಂಗಡದ ಮಟ್ಟಿಗೆ ಹಳೆ ದರ, ಬಾಕಿಗೆ ಬರುವ ವರ್ಷದ ದರ ಎಂದು ಗೆರೆ ಎಳೆದೆವು. ಒಬ್ಬಿಬ್ಬರು ಬಿಟ್ಟುಹೋದರು.

ಕಾಗದಪತ್ರಗಳೂ ಹಳಸುತ್ತವೆ. ಪೊಲೀಸರು ಕೊಡುವ ಪ್ರವಾಸಿ ಬಂದೂಕು ಪರವಾನಗಿ ಒಂದು ವರ್ಷದ ಆಚೆ ಬಾಳದು. ಪ್ರಯಾಣದ ಇ-ಅನುಮತಿ ಎರಡು ವರ್ಷಕ್ಕೆ. 2020ರಲ್ಲಿ ಎಲ್ಲ ತಯಾರಾಗಿದ್ದವರು 2022ರಲ್ಲಿ ಮೊದಲಿನಿಂದ ಶುರುಮಾಡಬೇಕಾಯಿತು. ಸಾಂಕ್ರಾಮಿಕ ರೋಗಕ್ಕೆ, ಸರ್ಕಾರ ಗಡಿ ಮುಚ್ಚಿದ್ದಕ್ಕೆ ಪರಿಹಾರವಿಲ್ಲ ಎಂದು ಅನೇಕರ ಪ್ರಯಾಣ ವಿಮೆಯಲ್ಲೇ ಬರೆದಿತ್ತು. ಅದನ್ನು ಮೊದಲೇ ಓದಿಕೊಳ್ಳಿ ಎಂದು ಈಗ ಬುಕಿಂಗ್ ದಿನವೇ ಹೇಳುತ್ತೇನೆ.

ಗಡಿಯ ಇನ್ನೊಂದು ಬದಿಯಲ್ಲಿದ್ದವರನ್ನು ಜನ ಅಷ್ಟಾಗಿ ನೆನೆಯುವುದಿಲ್ಲ: ನಮ್ಮ ಗೈಡುಗಳು. ಸರ್ಕಾರದ ವೇತನ ಸಹಾಯ ಪೂರ್ಣಾವಧಿ ಕೆಲಸಗಾರನಿಗೆ ವಾರಕ್ಕೆ 585.80 ಡಾಲರ್‌ನಂತೆ ಮೊದಲಿಗೆ ಹನ್ನೆರಡು ವಾರ ಬಂತು. ಆಮೇಲೆ ಕೆಲವರು ಮಾರ್ಲ್‌ಬರೊದ ದ್ರಾಕ್ಷಿ ತೋಟಗಳಿಗೆ ಕತ್ತರಿ ಹಿಡಿದು ಹೋದರು, ಕೆಲವರು ಬೇಲಿ ಹಾಕುವ ಗುತ್ತಿಗೆ ಹಿಡಿದರು. 2021ರ ಏಪ್ರಿಲ್ 19ಕ್ಕೆ ಆಸ್ಟ್ರೇಲಿಯಾದವರಿಗೆ ದಾರಿ ತೆರೆದಾಗ ಒಂದಿಷ್ಟು ಕೆಲಸ ಬಂತು, ಆದರೆ ರೋರ್ ಆಗಲೇ ಮುಗಿಯುತ್ತ ಬಂದಿತ್ತು, ಜುಲೈ 23ಕ್ಕೆ ಆ ದಾರಿಯೂ ಮುಚ್ಚಿತು. ಅನುಭವಸ್ಥ ಗೈಡು ಒಬ್ಬ ಹೋದರೆ ಯಾವ ಗಾಳಿಗೆ ಹಿಂಡು ಯಾವ ಏಣು ಹತ್ತುತ್ತದೆ ಎಂಬ ತಿಳಿವಳಿಕೆ ಅವನ ಜತೆಗೇ ಹೋಗುತ್ತದೆ. ದ್ರಾಕ್ಷಿ ತೋಟಕ್ಕೆ ಹೋದವರಲ್ಲಿ ಒಬ್ಬ ಮರಳಲೇ ಇಲ್ಲ. 2023ರಲ್ಲಿ, ಗಡಿ ತೆರೆದಿದ್ದ ಮೊದಲ ಪೂರ್ಣ ರೋರ್‌ನಲ್ಲಿ, ಅತಿಥಿಗಳಿದ್ದರು, ಹಾಸಿಗೆಗಳಿದ್ದವು, ಗೈಡು ಸಾಲದೆ ಒಂದು ಗುಂಪನ್ನು ಜೂನ್‌ಗೆ ಹಾಕಬೇಕಾಯಿತು. ಬುಕಿಂಗ್ ಮುಂದೂಡುವಾಗ ಗಿರಾಕಿಗೆ ಬರೆಯುವ ಪತ್ರದಷ್ಟೇ ಗೈಡಿಗೆ ಬರೆಯುವ ಪತ್ರವೂ ಮುಖ್ಯ ಎಂದು ಆಗ ಯಜಮಾನರೂ ಒಪ್ಪಿದರು. ಈಗ ಗೈಡುಗಳ ಒಪ್ಪಂದದಲ್ಲಿ ಹಂಗಾಮು ರದ್ದಾದರೂ ಕೊಡುವ ಕನಿಷ್ಠ ಸಂಬಳ ಬರೆದಿದೆ.

ಅತಿಥಿಗಳ ಒಪ್ಪಂದದಲ್ಲೂ ಕೆಲವು ಸಾಲು ಸೇರಿವೆ. ಸರ್ಕಾರ ಗಡಿ ಮುಚ್ಚಿದರೆ ಮುಂಗಡ ವಾಪಸ್ ಪಡೆಯುವುದೋ ಸರದಿಯಲ್ಲಿ ಉಳಿಯುವುದೋ, ಆಯ್ಕೆ ಅತಿಥಿಯದು. ಉಳಿದರೆ ಅದು ಅವರ ಕಾಲಾನಂತರ ಮನೆಯವರಿಗೆ ಸೇರುತ್ತದೆ. ಸರದಿಯನ್ನು ವಯಸ್ಸು, ಆರೋಗ್ಯ ನೋಡಿ, ಮುಂದಿರುವವರ ಒಪ್ಪಿಗೆ ಪಡೆದು ಬದಲಿಸಬಹುದು. ಈಚೆಗೆ ವ್ಯವಹಾರ ವಹಿಸಿಕೊಂಡ ಯಜಮಾನರ ಮಗ, ಪಕ್ಕದ ಕಣಿವೆಯವರ ಒಪ್ಪಂದದಲ್ಲಿ ಇದೆಲ್ಲ ಇಲ್ಲ, ರೋಗದ ಮಾತು ಓದಿ ಹೊಸಬರು ಹಿಂಜರಿಯುತ್ತಾರೆ, ತೆಗೆದುಬಿಡೋಣ ಎನ್ನುತ್ತಿದ್ದಾನೆ. ಬಂದ ಪತ್ರಗಳನ್ನೆಲ್ಲ ಒಂದು ಕಡತದಲ್ಲಿಟ್ಟು ಅವನ ಮೇಜಿಗೆ ಕಳಿಸಿದ್ದೇನೆ. ಓದಿದ ಮೇಲೆ ಮಾತಾಡೋಣ ಎಂದಿದ್ದೇನೆ. ಈ ವಿಷಯದಲ್ಲಿ ನಾನು ಬಗ್ಗುವವಳಲ್ಲ.