ಹಸಿರು ಬಾವುಟದ ಕೈ

ನನ್ನ ಮೇಜಿನ ಖಾನೆಯಲ್ಲಿ ಹನ್ನೆರಡು ಕಪ್ಪು ಬಿಳುಪು ಛಾಯಾಚಿತ್ರಗಳಿವೆ. ಅಂಗೈಯಗಲದ ಆ ಚೌಕ ಚಿತ್ರಗಳ ಅಂಚು ಈಗ ಹಳದಿಗೆ ತಿರುಗಿದೆ. 1978ರ ಬೇಸಗೆಯಲ್ಲಿ, ನಾನು ಹೈಸ್ಕೂಲು ಮುಗಿಸಿದ ವರ್ಷ, ಬೆಂಗಳೂರು–ಮೈಸೂರು ರೈಲುದಾರಿಯ ಒಂದು ಸಣ್ಣ ನಿಲ್ದಾಣದಲ್ಲಿ ಅವುಗಳನ್ನು ತೆಗೆದೆ. ಹನ್ನೆರಡರಲ್ಲಿಯೂ ಇರುವುದು ಉಗಿಬಂಡಿಯ ಎಂಜಿನ್ನು. ಆ ಚಿತ್ರಗಳನ್ನು ನೋಡಿದಾಗಲೆಲ್ಲ ಮನಸ್ಸಿಗೆ ಸಂತೋಷವೂ ಆಗುತ್ತದೆ, ಒಂದು ನೋವೂ ಆಗುತ್ತದೆ. ಆ ನೋವಿನ ಕಾರಣವನ್ನು ನಿಮಗೆ ಹೇಳಬೇಕೆಂದೇ ಈ ಬರಹ.

ನನ್ನ ತಂದೆಯವರು ಆ ನಿಲ್ದಾಣದಲ್ಲಿ ಪಾಯಿಂಟ್ಸ್‌ಮನ್ ಆಗಿದ್ದರು. ಬರುವ ಗಾಡಿ ಯಾವ ಹಳಿಗೆ ತಿರುಗಬೇಕೋ ಆ ಹಳಿಗೆ ದಾರಿ ಮಾಡಿಕೊಡುವುದು, ಬಾವುಟ ತೋರಿಸುವುದು, ಸಂಜೆಯಾಯಿತೆಂದರೆ ಸೀಮೆಎಣ್ಣೆ ದೀಪಗಳನ್ನು ಹಿಡಿದು ಸಿಗ್ನಲ್ ಕಂಬಗಳನ್ನು ಹತ್ತುವುದು ಅವರ ಕೆಲಸ. ಮಳೆಯಿರಲಿ, ಚಳಿಯಿರಲಿ, ಆ ದೀಪಗಳು ಉರಿಯದೆ ಇರುವಂತಿರಲಿಲ್ಲ.

ಅಂದಿನ ದಾರಿ ಮೀಟರ್ ಗೇಜಿನದು. ಎರಡು ಕಂಬಿಗಳ ನಡುವಿನ ಅಂತರ ಸರಿಯಾಗಿ ಒಂದು ಮೀಟರು. ಎರಡು ನಿಲ್ದಾಣಗಳ ನಡುವೆ ಒಂದೇ ಹಳಿ. ಎದುರುಬದುರಾಗಿ ಎರಡು ಗಾಡಿಗಳು ಅದೇ ಹಳಿಯ ಮೇಲೆ ಬಂದರೆ ಗತಿಯೇನು? ಅದಕ್ಕೊಂದು ಜಾಣ ಉಪಾಯವಿತ್ತು. ಅಕ್ಕಪಕ್ಕದ ಎರಡು ನಿಲ್ದಾಣಗಳಲ್ಲಿಯೂ ಒಂದೊಂದು ಯಂತ್ರವಿದ್ದು, ಅವೆರಡನ್ನೂ ವಿದ್ಯುತ್ ತಂತಿ ಬೆಸೆದಿರುತ್ತಿತ್ತು. ಒಂದು ಯಂತ್ರದಿಂದ ಲೋಹದ ಗುಂಡೊಂದನ್ನು ಹೊರತೆಗೆದರೆ, ಅದು ಮತ್ತೆ ಯಂತ್ರದೊಳಗೆ ಸೇರುವವರೆಗೆ ಎರಡು ಕಡೆಯಲ್ಲಿಯೂ ಇನ್ನೊಂದು ಗುಂಡು ಹೊರಬರುತ್ತಿರಲಿಲ್ಲ. ಆ ಗುಂಡು ಕೈಯಲ್ಲಿಲ್ಲದೆ ಡ್ರೈವರು ಮುಂದಿನ ನಿಲ್ದಾಣದತ್ತ ಗಾಡಿ ಬಿಡುವಂತಿರಲಿಲ್ಲ. ಗುಂಡನ್ನು ಚರ್ಮದ ಚೀಲದಲ್ಲಿಟ್ಟು, ಚೀಲವನ್ನು ದೊಡ್ಡ ಬಳೆಯೊಂದಕ್ಕೆ ಕಟ್ಟಿರುತ್ತಿದ್ದರು. ನಿಲ್ಲದೆ ಹೋಗುವ ಗಾಡಿಯಾದರೆ, ಅಪ್ಪ ಆ ಬಳೆಯನ್ನು ಎತ್ತಿ ಹಿಡಿದು ಹಳಿಯ ಪಕ್ಕದಲ್ಲಿ ನಿಲ್ಲುತ್ತಿದ್ದರು. ಎಂಜಿನ್ನಿನಿಂದ ಬಾಗಿದ ಫೈರ್‌ಮನ್ ತನ್ನ ತೋಳನ್ನು ಬಳೆಯೊಳಗೆ ತೂರಿಸಿ ಅದನ್ನು ಸೆಳೆದುಕೊಳ್ಳುತ್ತಿದ್ದ. ನೂರಾರು ಪ್ರಯಾಣಿಕರ ಪ್ರಾಣ ಆ ಒಂದು ಕ್ಷಣ ಎರಡು ಕೈಗಳ ನಡುವೆ ಇರುತ್ತಿತ್ತು. ಗಾಡಿಯೊಳಗೆ ಕುಳಿತವರಿಗೆ ಅದು ತಿಳಿಯುತ್ತಲೂ ಇರಲಿಲ್ಲ.

ಆ ಬೇಸಗೆಯಲ್ಲಿ ಪಟ್ಟಣದಿಂದ ಬಂದಿದ್ದ ನಮ್ಮ ಸೋದರಮಾವ ತಮ್ಮ ಅಗ್ಫಾ ಕ್ಲಿಕ್ ತ್ರೀ ಕ್ಯಾಮೆರಾವನ್ನು ಒಂದು ದಿನದ ಮಟ್ಟಿಗೆ ನನಗೆ ಕೊಟ್ಟರು. ಒಂದು ಸುರುಳಿ ಫಿಲ್ಮಿಗೆ ಹನ್ನೆರಡೇ ಚಿತ್ರ. ಓಡುವ ಗಾಡಿಯನ್ನು ತೆಗೆದರೆ ಚಿತ್ರ ಮಸುಕಾಗುತ್ತಿದ್ದುದರಿಂದ, ಗಾಡಿ ನಿಂತಾಗಲೇ ತೆಗೆಯಬೇಕು. ವೈ.ಪಿ. ವರ್ಗದ ಕಪ್ಪು ಎಂಜಿನ್ನು ಬಂದು ನಿಂತಿತು. ಚಕ್ರಗಳ ಸಂದಿಯಿಂದ ಬಿಳಿಯ ಉಗಿ ಹೊರಬರುತ್ತಿತ್ತು. ನಾನು ಅತ್ತಿಂದಿತ್ತ ಓಡಾಡಿ ಒಂದೊಂದಾಗಿ ಚಿತ್ರ ತೆಗೆದೆ. ಅಪ್ಪ ತಮ್ಮ ನೀಲಿ ಅಂಗಿಯನ್ನು ಸರಿಪಡಿಸಿಕೊಂಡು ಹತ್ತಿರ ಬಂದರು.

“ನಾನೂ ನಿಂತ್ಕೊಳ್ಳಲೇನೋ ಮಗ?” ಎಂದು ಕೇಳಿದರು.

“ಬೇಡಪ್ಪಾ, ಸ್ವಲ್ಪ ಆ ಕಡೆ ಸರಿ. ಎಂಜಿನ್ನಿಗೆ ಅಡ್ಡ ಬರ್ತೀಯ” ಎಂದೆ.

ಅವರು ನಕ್ಕು ಪಕ್ಕಕ್ಕೆ ಸರಿದರು. ಆ ಮಾತನ್ನು ನಾನು ಆ ಕ್ಷಣವೇ ಮರೆತೆ.

1984ರಲ್ಲಿ ಅಪ್ಪ ತೀರಿಕೊಂಡರು. ಗೋಡೆಗೆ ತೂಗುಹಾಕಲು ಅವರದೊಂದು ಭಾವಚಿತ್ರ ಬೇಕಾಯಿತು. ಮನೆಯೆಲ್ಲ ಹುಡುಕಿದೆವು. ದೊರೆತದ್ದು ಯಾರದೋ ಮದುವೆಯ ಗುಂಪುಚಿತ್ರ ಒಂದೇ. ಅದರಲ್ಲಿ ಅವರು ಎರವಲು ಕೋಟು ತೊಟ್ಟು ಹಿಂದಿನ ಸಾಲಿನಲ್ಲಿ ನಿಂತಿದ್ದರು. ಆ ಮುಖವನ್ನು ಬೇರ್ಪಡಿಸಿ ದೊಡ್ಡದು ಮಾಡಿಸಿದಾಗ ಕಣ್ಣು ಮೂಗುಗಳೆಲ್ಲ ಮಸುಕಾದವು. ಮೂವತ್ತು ವರ್ಷ ಅವರು ಬಾವುಟ ಹಿಡಿದು ನಿಂತಿದ್ದ ನಿಲ್ದಾಣದಲ್ಲಿ, ನೀಲಿ ಅಂಗಿಯಲ್ಲಿ, ಅವರದೊಂದು ಚಿತ್ರವೂ ಇರಲಿಲ್ಲ. ಎಂಜಿನ್ನಿನ ಚಿತ್ರಗಳು ಮಾತ್ರ ಹನ್ನೆರಡಿದ್ದವು!

ಆ ಪಾಠವನ್ನು ಮನಸ್ಸಿನಲ್ಲಿಟ್ಟುಕೊಂಡೇ 1986ರಲ್ಲಿ ನಾನು ಉಪಾಧ್ಯಾಯರ ಪ್ರವಾಸದಲ್ಲಿ ಅಂದಿನ ಕಲ್ಕತ್ತೆಗೆ ಹೋದೆ. ಟ್ರಾಮನ್ನು ಕಣ್ಣಾರೆ ಕಾಣಬೇಕೆಂಬುದು ನನ್ನ ಬಹುದಿನದ ಆಸೆ. ನಗರದ ಬೀದಿಯಲ್ಲಿಯೇ ಹಾಸಿದ ಕಂಬಿಗಳ ಮೇಲೆ ಓಡುವ ಗಾಡಿಯೇ ಟ್ರಾಮು. ಮದರಾಸಿನಲ್ಲಿ 1895ರಲ್ಲಿ ಆರಂಭವಾದ ವಿದ್ಯುತ್ ಟ್ರಾಮು 1953ರಲ್ಲಿ ನಿಂತಿತ್ತು. ಮುಂಬಯಿಯಲ್ಲಿ 1874ರಲ್ಲಿ ಕುದುರೆಗಳು ಎಳೆಯತೊಡಗಿದ ಟ್ರಾಮು, 1907ರಲ್ಲಿ ವಿದ್ಯುತ್ತಿಗೆ ತಿರುಗಿ, 1964ರ ಮಾರ್ಚ್ 31ರಂದು ಕೊನೆಯ ಓಟ ಓಡಿತ್ತು. ಆ ಹೊತ್ತಿಗೆ ಉಳಿದಿದ್ದುದು ಕಲ್ಕತ್ತೆಯದು ಮಾತ್ರ. ಅಲ್ಲಿ ಕುದುರೆ ಟ್ರಾಮು ಮೊದಲು ಓಡಿದ್ದು 1873ರಲ್ಲಿ. ವಿದ್ಯುತ್ ಟ್ರಾಮು ಎಸ್‌ಪ್ಲನೇಡಿನಿಂದ ಕಿದರ್‌ಪುರಕ್ಕೆ ಓಡಿದ್ದು 1902ರಲ್ಲಿ.

ನಾನು ಏರಿದ್ದೂ ಅದೇ ಮಾರ್ಗದ ಟ್ರಾಮನ್ನು. ಎರಡು ಡಬ್ಬಿಗಳು, ಫ್ಯಾನಿರುವ ಮುಂದಿನದು ಮೊದಲನೆಯ ದರ್ಜೆ, ಹಿಂದಿನದು ಎರಡನೆಯ ದರ್ಜೆ. ಗಾಡಿಯ ನೆತ್ತಿಯಿಂದ ಎದ್ದ ಉದ್ದನೆಯ ಕೋಲು ಮೇಲಿನ ತಂತಿಯನ್ನು ಮುಟ್ಟಿಕೊಂಡು ಸಾಗುತ್ತಿತ್ತು. ತಂತಿಯಿಂದ ಇಳಿದ ವಿದ್ಯುತ್ತು ಮೋಟಾರನ್ನು ತಿರುಗಿಸಿ, ಚಕ್ರಗಳ ಮೂಲಕ ಕಂಬಿಗೆ ಸೇರಿ ಹಿಂದಿರುಗುತ್ತದೆ. ಮೈದಾನದ ಹಸಿರು ಹುಲ್ಲಿನ ನಡುವೆ, ಮರಗಳ ನೆರಳಿನಲ್ಲಿ ಅದು ಗಂಟೆ ಬಾರಿಸುತ್ತ ಸಾಗುವುದನ್ನು ನೋಡುವುದೇ ಒಂದು ಹಬ್ಬ. ದಾರಿಯಲ್ಲೊಮ್ಮೆ ಕೋಲು ತಂತಿಯಿಂದ ಕಳಚಿಕೊಂಡಿತು. ನರೆಗೂದಲಿನ ಕಂಡಕ್ಟರು ಕೆಳಗಿಳಿದು, ಹಗ್ಗ ಹಿಡಿದು, ತಲೆಯೆತ್ತಿ ಅದನ್ನು ಮತ್ತೆ ತಂತಿಗೆ ಕೂಡಿಸಿದರು. ನಾನು ಕ್ಯಾಮೆರಾ ಎತ್ತಿದೊಡನೆ ಅವರು ಅಡ್ಡವಾದೆನೆಂದುಕೊಂಡು ಪಕ್ಕಕ್ಕೆ ಸರಿಯಲು ಹೊರಟರು. ನನಗೆ ಅಪ್ಪನ ನೆನಪಾಯಿತು. ನನಗೆ ಬರುತ್ತಿದ್ದ ಹರಕು ಹಿಂದಿಯಲ್ಲಿ, “ಸರಿಯಬೇಡಿ, ನೀವೂ ಬೇಕು” ಎಂದೆ. ಅವರು ಹಗ್ಗವನ್ನು ಬಿಡದೆ ನೆಟ್ಟಗೆ ನಿಂತರು. ಆ ಚಿತ್ರದ ಬೆನ್ನಿಗೆ ಅವರ ಹೆಸರು, ಮಾರ್ಗ, ದಿನಾಂಕ ಎಲ್ಲವನ್ನೂ ಬರೆದಿಟ್ಟಿದ್ದೇನೆ.

ಕಾಲ ನಿಲ್ಲಲಿಲ್ಲ. ನಮ್ಮ ಮೀಟರ್ ಗೇಜ್ ಹಳಿಯನ್ನು 1990ರ ದಶಕದಲ್ಲಿ ಕಿತ್ತು, 1,676 ಮಿಲಿಮೀಟರ್ ಅಗಲದ ಬ್ರಾಡ್ ಗೇಜ್ ಹಾಸಿದರು. ಬೆಂಗಳೂರಿನಲ್ಲಿ 2011ರ ಅಕ್ಟೋಬರಿನಲ್ಲಿ ಮೆಟ್ರೋ ಓಡತೊಡಗಿತು. 2022ರ ನವೆಂಬರಿನಿಂದ ಮೈಸೂರು–ಚೆನ್ನೈ ನಡುವೆ ವಂದೇ ಭಾರತ್ ಓಡುತ್ತಿದೆ. ಕಲ್ಕತ್ತೆ ಕೋಲ್ಕತ್ತವಾಯಿತು, ಎಸ್‌ಪ್ಲನೇಡಿನಿಂದ ಮೈದಾನದವರೆಗಿನ ಒಂದು ಮಾರ್ಗವನ್ನು ಮಾತ್ರ ಪರಂಪರೆಯ ಗುರುತಾಗಿ ಉಳಿಸಿಕೊಳ್ಳುವುದಾಗಿ ಅಲ್ಲಿನ ಸರ್ಕಾರ 2024ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿತು. ಹೊಸತು ಬಂದುದಕ್ಕೆ ನನಗೆ ಅಸಮಾಧಾನವಿಲ್ಲ. ಕಲ್ಲಿದ್ದಲಿನ ಬೆಂಕಿಯ ಮುಂದೆ ಫೈರ್‌ಮನ್ ಬೇಯುತ್ತಿದ್ದುದನ್ನು ಕಂಡವರಾರೂ ಉಗಿಬಂಡಿಯೇ ಇರಬೇಕಾಗಿತ್ತೆಂದು ಹಟ ಹಿಡಿಯಲಾರರು.

ಹಳೆಯ ಎಂಜಿನ್ನುಗಳನ್ನು ನೋಡಬೇಕೆಂದರೆ ನೀವು ಮೈಸೂರಿನ ರೈಲು ವಸ್ತುಸಂಗ್ರಹಾಲಯಕ್ಕೆ ಹೋಗಬಹುದು. 1979ರಲ್ಲಿ ಸ್ಥಾಪನೆಯಾದ ಸಂಸ್ಥೆ ಅದು. ಯಂತ್ರವನ್ನು ಎಣ್ಣೆ ಬಣ್ಣ ಬಳಿದು ಕಾಪಾಡಿ ಇಡಬಹುದು. ಆದರೆ ಅದರೊಡನೆ ದುಡಿದ ಮನುಷ್ಯನನ್ನು ಹಾಗೆ ಇಡಲು ಬರುವುದಿಲ್ಲ. 1876ರಿಂದ 1878ರವರೆಗಿನ ಭೀಕರ ಕ್ಷಾಮದ ಕಾಲದಲ್ಲಿ ಹಸಿದವರಿಗೆ ಕೂಲಿ ದೊರಕಿಸಲೆಂದು ಬೆಂಗಳೂರು–ಮೈಸೂರು ದಾರಿಯ ಮಣ್ಣಿನ ಕೆಲಸವನ್ನು ಕೈಗೊಂಡರು. ಆ ದಾರಿಯ ಮೇಲೆ ನಾವು ಇಂದಿಗೂ ಪ್ರಯಾಣ ಮಾಡುತ್ತಿದ್ದೇವೆ. ಬುಟ್ಟಿ ಹೊತ್ತ ಆ ಜನರಲ್ಲಿ ಒಬ್ಬರ ಮುಖವನ್ನಾದರೂ ನಾವು ಬಲ್ಲೆವೆ?

ಹೋದ ವರ್ಷ ಮೊಮ್ಮಗಳೊಡನೆ ಅದೇ ನಿಲ್ದಾಣಕ್ಕೆ ಹೋಗಿದ್ದೆ. ಹಳದಿ ಗೆರೆಯ ಹಿಂದೆ ನಿಂತು ಅವಳು ತನ್ನ ಮೊಬೈಲಿನಲ್ಲಿ ಹತ್ತೇ ನಿಮಿಷದಲ್ಲಿ ನಲವತ್ತು ಚಿತ್ರ ತೆಗೆದಳು. ನಾನು ಹಳೆಯ ಹನ್ನೆರಡು ಚಿತ್ರಗಳನ್ನು ಕೊಟ್ಟು ಕಥೆ ಹೇಳಿದೆ. ಅವಳು ಒಂದೊಂದನ್ನೇ ಕಣ್ಣಿನ ಹತ್ತಿರ ಹಿಡಿದು ನೋಡಿ, ಕೊನೆಯದರಲ್ಲಿ ಬೆರಳಿಟ್ಟು, “ತಾತ, ಇದು ಯಾರ ಕೈ?” ಎಂದಳು.

ಕನ್ನಡಕ ಏರಿಸಿ ನೋಡಿದೆ. ಚಿತ್ರದ ಬಲ ಅಂಚಿನಲ್ಲಿ, ಮೊಣಕೈಯವರೆಗೆ ಮಾತ್ರ, ಬಾವುಟ ಹಿಡಿದ ಒಂದು ಕೈ! ಕ್ಯಾಮೆರಾದ ಕಿಂಡಿಯಲ್ಲಿ ನನಗೆ ಕಾಣದಿದ್ದ ಅಂಚು ಫಿಲ್ಮಿನ ಮೇಲೆ ಮೂಡಿತ್ತು. ಕಪ್ಪು ಬಿಳುಪಿನ ಚಿತ್ರದಲ್ಲಿ ಬಾವುಟ ಬೂದು ಬಣ್ಣದ್ದು; ಗಾಡಿ ಹೊರಡುತ್ತಿದ್ದುದರಿಂದ ಅದು ಹಸಿರು ಬಾವುಟವೆಂದು ನಾನು ಬಲ್ಲೆ. ನಲವತ್ತಾರು ವರ್ಷ ಆ ಕೈ ನನ್ನ ಮೇಜಿನ ಖಾನೆಯಲ್ಲಿಯೇ ಇತ್ತು. ನಾನು ಎಂಜಿನ್ನನ್ನು ನೋಡುತ್ತಿದ್ದೆನಾಗಿ ಅದು ನನಗೆ ಕಂಡಿರಲಿಲ್ಲ.

ಚಿತ್ರದ ಹಿಂಬದಿಯಲ್ಲಿ ಅಪ್ಪನ ಹೆಸರನ್ನು ಬರೆದೆ. ಕೆಳಗೆ ಅವರ ಕೆಲಸವನ್ನೂ ವರ್ಷವನ್ನೂ ಬರೆದೆ. ತಲೆಯೆತ್ತಿದಾಗ ಮೊಮ್ಮಗಳು ನನ್ನ ಪಕ್ಕದಲ್ಲಿರಲಿಲ್ಲ. ಪ್ಲಾಟ್‌ಫಾರಮ್ಮಿನ ತುದಿಯಲ್ಲಿ, ಹೆಗಲ ಮೇಲೆ ಸುತ್ತಿಗೆ ಹೊತ್ತು ದಣಿವಾರಿಸಿಕೊಳ್ಳುತ್ತಿದ್ದ ಟ್ರ್ಯಾಕ್‌ಮನ್ ಒಬ್ಬರ ಮುಂದೆ ನಿಂತು, “ಮಾವ, ನಿಮ್ಮದೊಂದು ಫೋಟೋ ತೆಗೀಲಾ? ನಿಮ್ಮ ಹೆಸರೇನು?” ಎಂದು ಕೇಳುತ್ತಿದ್ದಳು.