ಹಳೇ ಸ್ಟಾಕಿಗೆ ಎಷ್ಟು ಕೊಡಬಹುದು?

ನನ್ನ ಯೆಜ್ಡಿ 250 ಬೈಕಿನ ಹಳೇ ಸ್ಟಾಕ್ ಪ್ಲಾಟಿನಂ ಪಾಯಿಂಟ್ ಸೆಟ್ಟಿಗೆ 1,400 ರೂಪಾಯಿ ಕೊಟ್ಟೆ ಎಂದಾಗ ಹೊಳಲ್ಕೆರೆಯ ಭಾವ ಹೌಹಾರಿದರು. "ಚಿತ್ರದುರ್ಗದಲ್ಲಿ ಬಿ.ಡಿ. ರೋಡಲ್ಲೇ ನೂರೆಂಬತ್ತಕ್ಕೆ ಸಿಗುತ್ತಲ್ಲೋ!" ನಕಲಿ ಸಿಗುತ್ತದೆ, ನಿಜ. ನನಗೆ ಆ ಸೆಟ್ ಮಾರಿದ ವ್ಯಾಪಾರಿಯೇ 900 ರೂಪಾಯಿಗೆ ತೋರಿಸಿದ ಹಳೇ ಸ್ಟಾಕ್ ಕಂಡೆನ್ಸರನ್ನು ಮಾತ್ರ ನಾನು ಬೇಡವೆಂದು ಬಂದೆ. ಒಂದಕ್ಕೆ ದುಬಾರಿ ಬೆಲೆ ತೆತ್ತು ಇನ್ನೊಂದನ್ನು ಬಿಟ್ಟದ್ದೇಕೆ ಎಂಬುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಯೆಜ್ಡಿ ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಗಾಡಿ ಹೊರತರಲು ಶುರುಮಾಡಿತು, 1996ರಲ್ಲಿ ಬೀಗ ಹಾಕಿತು. 2022ರಲ್ಲಿ ಯೆಜ್ಡಿ ಹೆಸರು ಮರಳಿ ಬಂತು. ಆದರೆ ಅದು ಫೋರ್ ಸ್ಟ್ರೋಕ್, ಫ್ಯುಯೆಲ್ ಇಂಜೆಕ್ಷನ್ ಗಾಡಿ. ಆ ಶೋರೂಮಿನಲ್ಲಿ ನಮ್ಮ ಟೂ ಸ್ಟ್ರೋಕ್ ಗಾಡಿಯ ಪಾಯಿಂಟ್ ಕೇಳಿ ಪ್ರಯೋಜನವಿಲ್ಲ. ನಮಗುಳಿದದ್ದು ಗೋಡೌನುಗಳಲ್ಲಿ ಮಿಕ್ಕ ಹಳೇ ಸ್ಟಾಕು, ನಕಲಿ ಮಾಲು, ಗುಜರಿಯಲ್ಲಿ ಬಿಚ್ಚಿದ ಮಾಲು.

ಈಗ ಪಾಯಿಂಟಿನ ಲೆಕ್ಕ. ಇಂಜಿನ್ ಒಂದು ಸುತ್ತು ತಿರುಗಿದರೆ ಪಾಯಿಂಟ್ ಒಂದು ಸಲ ತೆರೆಯುತ್ತದೆ. ನಿಮಿಷಕ್ಕೆ 3,000 ಸುತ್ತು ಎಂದರೆ ಗಂಟೆಗೆ 1,80,000 ಸಲ. ಅಷ್ಟು ಸಲವೂ ಕ್ಯಾಮಿಗೆ ಉಜ್ಜಿಕೊಳ್ಳುವುದು ಪಾಯಿಂಟಿನ ಫೈಬರ್ ಹೀಲ್. ನಕಲಿಯಲ್ಲಿ ಅದು ಮೆತ್ತಗಿರುತ್ತದೆ. ಬೇಗ ಸವೆದು 0.4 ಮಿ.ಮೀ. ಗ್ಯಾಪ್ ಕಿರಿದಾಗಿ ಟೈಮಿಂಗ್ ತಪ್ಪುತ್ತದೆ. ನನ್ನ ಡೈರಿಯ ಪ್ರಕಾರ ವರ್ಷಕ್ಕೆ 3 ನಕಲಿ ಸೆಟ್ ಬೇಕು: 540 ರೂಪಾಯಿ. ಪ್ರತಿ ಸಲ ಕೂರಿಸಿ ಟೈಮಿಂಗ್ ಇಡುವ ಕೂಲಿ 250ರಂತೆ 750. ವರ್ಷಕ್ಕೆ 1,290, ಎರಡು ವರ್ಷಕ್ಕೆ 2,580. ನಡುವೆ ಒಮ್ಮೆ ಹಿರಿಯೂರಿನ ಹತ್ತಿರ ಗಾಡಿ ನಿಂತು, ಗೂಡ್ಸ್ ಆಟೋದಲ್ಲಿ ಚಿತ್ರದುರ್ಗಕ್ಕೆ ತಂದರೆ ಇನ್ನೂ 1,500. ಒಟ್ಟು 4,080. ಅಸಲಿ ಸೆಟ್ 1,400, ವರ್ಷಕ್ಕೊಂದು ಸಲ ಗ್ಯಾಪ್ ಸರಿಮಾಡುವ ಕೂಲಿ 250ರಂತೆ 500. ಎರಡು ವರ್ಷಕ್ಕೆ 1,900. ಗಾಡಿ ದಾರಿಯಲ್ಲಿ ಒಮ್ಮೆಯೂ ನಿಲ್ಲದಿದ್ದರೂ ನಕಲಿಗೆ 680 ರೂಪಾಯಿ ಹೆಚ್ಚೇ ಹೋಗುತ್ತದೆ. ಭಾವನಿಗೆ ಇದನ್ನು ಚೀಟಿಯಲ್ಲಿ ಬರೆದುಕೊಟ್ಟೆ.

ಕಂಡೆನ್ಸರ್ ಮಾತೇ ಬೇರೆ. ಮೂವತ್ತು ವರ್ಷ ಅಟ್ಟದ ಮೇಲಿದ್ದ ನೇಗಿಲ ಗುಳ ಇಂದೂ ಉಳುತ್ತದೆ. ಅದರ ಪಕ್ಕದಲ್ಲೇ ಇಟ್ಟ ಶೇಂಗಾ ಬೀಜ ಮೊಳೆಯುವುದಿಲ್ಲ. ಪಾಯಿಂಟ್ ಗುಳದ ಹಾಗೆ, ಕಂಡೆನ್ಸರ್ ಬೀಜದ ಹಾಗೆ. ಹಳೆಯ ಕಂಡೆನ್ಸರಿನ ಒಳಗಿರುವುದು ಫಾಯಿಲಿನ ನಡುವೆ ಸುತ್ತಿದ ಕಾಗದ. ಅದು ವರ್ಷಗಟ್ಟಲೆ ತೇವ ಎಳೆದುಕೊಂಡು, ಒಂದು ಕಿಲೋಮೀಟರೂ ಓಡದೆ ಕೂತಲ್ಲೇ ಕೆಡುತ್ತದೆ. ಅದನ್ನು ಹಾಕಿಸಿದರೆ ಬೆಳಗಿನ ತಂಪಿನಲ್ಲಿ ಗಾಡಿ ಒಂದೇ ಕಿಕ್ಕಿಗೆ ಏಳುತ್ತದೆ, ಹೊಸದುರ್ಗದ ದಾರಿಯಲ್ಲಿ ಬಿಸಿಲೇರಿದಾಗ ನಿಲ್ಲುತ್ತದೆ, ತಣ್ಣಗಾದರೆ ಮತ್ತೆ ಏಳುತ್ತದೆ. ಮಲ್ಟಿಮೀಟರ್ ಇಟ್ಟರೆ 0.2ರಿಂದ 0.3 ಮೈಕ್ರೋಫ್ಯಾರಡ್, ಎಲ್ಲ ಸರಿಯಾಗಿಯೇ ಕಾಣುತ್ತದೆ. ಬಿಸಿಯಲ್ಲಿ, ಹೆಚ್ಚಿನ ವೋಲ್ಟಿನಲ್ಲಿ ಸೋರುವುದನ್ನು ಆ ಮೀಟರ್ ಹೇಳದು. ಇಂಥದ್ದನ್ನು 'ಸೀಲ್ಡ್ ಪ್ಯಾಕ್, ಒರಿಜಿನಲ್' ಎಂದು 900 ರೂಪಾಯಿಗೆ ಮಾರುವುದು ನನಗೆ ಸಹಿಸಲಾಗದ ವಿಷಯ. ಸೀಲ್ ಹಳೆಯದಾದಷ್ಟೂ ಒಳಗಿನ ಮಾಲು ಕೆಟ್ಟಿರುವ ಸಂಭವ ಹೆಚ್ಚು! ಅದೂ ಸಾಲದೆ, ಕೆಟ್ಟ ಕಂಡೆನ್ಸರ್ ಪಾಯಿಂಟನ್ನೂ ಸುಡುತ್ತದೆ. 1,400ರ ಸೆಟ್ಟೂ ಅದರ ಜೊತೆಗೇ ಹೋಗುತ್ತದೆ. ಹೆಸರಿರುವ ತಯಾರಕರ, ಅದೇ ಅಳತೆಯ, ಇತ್ತೀಚೆಗೆ ತಯಾರಾದ ಕಂಡೆನ್ಸರ್ ತನ್ನಿ. ಅದರ ಮೇಲೆ ಜಾವಾ ಗುರುತು ಇರಲೇಬೇಕೆಂದಿಲ್ಲ. ಪ್ಲಗ್ ವೈರಿನ ರಬ್ಬರಿಗೂ ಇದೇ ಮಾತು. 6 ವೋಲ್ಟಿನ ಕಾಯಿಲನ್ನು ಮಾತ್ರ ಬಿಸಿಮಾಡಿ ಕಿಡಿ ನೋಡದೆ ಯಾರಿಂದಲೂ ಕೊಳ್ಳಬೇಡಿ.

ಇಷ್ಟಾದರೂ ನಮ್ಮ ಕಡೆ ಹಣ ಸೋರುವುದು ಹೆಚ್ಚಾಗಿ ಬೆಲೆಯಿಂದಲ್ಲ, ಅವಸರದಿಂದ. ಗಾಡಿ ಕೆಟ್ಟ ದಿನವೇ ಅಂಗಡಿಗೆ ಓಡುತ್ತೇವೆ, ಇದ್ದದ್ದನ್ನು ಹಾಕಿಸಿಕೊಳ್ಳುತ್ತೇವೆ. ಪಾಯಿಂಟನ್ನು ಒರಟು ಸ್ಯಾಂಡ್ ಪೇಪರಿನಲ್ಲಿ ಉಜ್ಜುತ್ತೇವೆ, ಕ್ಯಾಮಿನ ಫೆಲ್ಟಿಗೆ ಒಂದು ಹನಿ ಎಣ್ಣೆ ಬಿಡುವುದಿಲ್ಲ. ಫೀಲರ್ ಗೇಜ್ ಒಂದು ಮನೆಯಲ್ಲಿರಲಿ. ಏನು ಬದಲಿಸಿದಿರಿ, ಎಷ್ಟು ಕಿಲೋಮೀಟರಿಗೆ ಬದಲಿಸಿದಿರಿ ಎಂದು ಬರೆದಿಡಿ. ಗಾಡಿ ಚೆನ್ನಾಗಿ ಓಡುತ್ತಿರುವಾಗಲೇ ಮುಂದಿನ ಸೆಟ್ ಹುಡುಕಿ. ಬೆಂಗಳೂರಿನ ಜೆ.ಸಿ. ರಸ್ತೆಗೋ ಮೈಸೂರಿಗೋ ಬೇರೆ ಕೆಲಸಕ್ಕೆ ಹೋದಾಗ ಬಿಚ್ಚಿದ ಹಳೇ ಪಾಯಿಂಟ್ ಜೇಬಿನಲ್ಲಿರಲಿ. ಅದನ್ನು ಹೊಸದರ ಪಕ್ಕದಲ್ಲಿಟ್ಟು ಹೀಲಿನ ಉದ್ದ, ಸ್ಪ್ರಿಂಗಿನ ಬಿಗಿ, ಸ್ಕ್ರೂ ತೂತಿನ ಜಾಗ ನೋಡಿ. ಪ್ಯಾಕೆಟ್ ಬಿಚ್ಚಿ ತೋರಿಸಲು ಒಪ್ಪದಿದ್ದರೆ ಪಕ್ಕದ ಅಂಗಡಿಗೆ ಹೋಗಿ.